ಬಲ ಮೇಲೆ, ಎಡ ಕೆಳಗೆ

ಥಾರ್ಸ್‌ಬಿ, ಲಿಂಕನ್‌ಶೈರ್
6 ಜನವರಿ 2019

ಪ್ರಿಯ ನೆವಿಲ್,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಒಂದು ಸಲ ನಿನ್ನ ಮಗಳು ಜೂಡಿತ್ ಎತ್ತಿ, "ಅಪ್ಪ ಮಲಗಿದಾರೆ, ಆಮೇಲೆ ಮಾಡ್ತಾರೆ" ಅಂದಳು. ಬೆಳಗ್ಗೆ ಹನ್ನೊಂದು ಗಂಟೆಗೆ ಮಲಗುವ ಜಾತಿಯವನಲ್ಲ ನೀನು, ಅದು ನನಗೂ ಗೊತ್ತು, ಜೂಡಿತ್‌ಗೂ ಗೊತ್ತು. ಅದಕ್ಕೇ ಈ ಕಾಗದ.

ಶೆಡ್ಡಿನಲ್ಲಿ ಒಂದು ಟೈಫೂನ್ ಯುದ್ಧವಿಮಾನ ಕೂತಿದೆ. ನಿಜವಾದದ್ದರ ಕಾಲುಭಾಗದ ಅಳತೆಯ ಮಾದರಿ, ರೆಕ್ಕೆ ಹತ್ತೂವರೆ ಅಡಿ. ಎರಡು ಚಳಿಗಾಲ ಹಿಡಿಯಿತು. ನಾನು ಅಡುಗೆಮನೆ ಕಪಾಟು ಮಾಡುತ್ತಿದ್ದ ಕಾಲದಲ್ಲಿ ಗಿರಾಕಿಗಳಿಗೆ ಇಷ್ಟು ನಯವಾಗಿ ಮರ ಉಜ್ಜಿಕೊಟ್ಟಿದ್ದರೆ ಇವತ್ತು ಶ್ರೀಮಂತನಾಗಿರುತ್ತಿದ್ದೆ. ಅದರ ಮೂಗಿನಲ್ಲಿರುವುದು ನಿನ್ನ ಎಂಜಿನ್. ನೀನು ಫೈಲಿ ಊರಿಗೆ ಮನೆ ಬದಲಾಯಿಸುವಾಗ ನನ್ನ ಬೆಂಚಿನ ಕೆಳಗೆ ಬಿಟ್ಟುಹೋದೆಯಲ್ಲ, ಆ ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಕೇಳದೆ ಹಾಕಿದೆ. ಬೈಯುವುದಾದರೆ ಬೈ, ಆದರೆ ಕಾಗದದಲ್ಲಿ ಬೈ.

ಕೇಳಬೇಕಾದದ್ದು ಇಷ್ಟೇ. ಬೇಸಿಗೆಯಲ್ಲಿ ಬಂದು ಇದನ್ನು ಹಾರಿಸುತ್ತೀಯಾ? ಹಾರಿಸುವುದು ಎಂದೂ ನನಗೆ ಬಂದದ್ದಲ್ಲ. ಇಪ್ಪತ್ತಾರು ವರ್ಷ ನಾನು ಕಟ್ಟಿದೆ, ನೀನು ರಿಮೋಟು ಹಿಡಿದು ಹಾರಿಸಿದೆ, ನಡುವೆ ಯಾರೂ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮಸ್ಕೀಟೋ ವಿಮಾನ ಬಿದ್ದ ವಿಷಯ ಇಲ್ಲಿ ಎತ್ತುವುದಿಲ್ಲ.

ವಾರವೆಲ್ಲ ನಾನು ಮಾತಾಡುವುದು ಬೇಕರಿಯ ಹುಡುಗಿಯ ಹತ್ತಿರ, ಅದೂ "ಒಂದು ಪ್ಲಮ್ ಬ್ರೆಡ್ ಕೊಡಮ್ಮ" ಅನ್ನುವಷ್ಟು. ಮದುವೆಯಾಗದವನಿಗೆ ಇದೆಲ್ಲ ಅಭ್ಯಾಸ ಎಂದು ಜನ ತಿಳಿದಿದ್ದಾರೆ. ಅಭ್ಯಾಸ ಇರಲಿಲ್ಲ, ನಿನ್ನ ಜೊತೆಯ ಭಾನುವಾರಗಳಿದ್ದವು.

ನಿನ್ನ
ಕ್ಲಿಫ್


ಫೈಲಿ, ಯಾರ್ಕ್‌ಶೈರ್
20 ಜನವರಿ 2019

ಕ್ಲಿಫ್,

ಆಗುವುದಿಲ್ಲ. ಎಂಜಿನ್ ಇಟ್ಟುಕೋ. ಹಾರಿಸಲು ಕ್ಲಬ್ಬಿನ ಕೀತ್‌ನನ್ನು ಕರೆ. ಅವನಿಗೆ ಜನ ನೋಡುತ್ತಿದ್ದರೆ ಸಾಕು, ಬಾಗಿಲನ್ನೂ ಹಾರಿಸುತ್ತಾನೆ.

ಮಸ್ಕೀಟೋ ವಿಷಯ ಎತ್ತುವುದಿಲ್ಲ ಅಂತ ಬರೆದು ಎತ್ತಿದ್ದೀಯ. ನಾನೂ ಒಂದೇ ಸಲ ಬರೆದುಬಿಡುತ್ತೇನೆ, ಆಮೇಲೆ ಬೇಡ. ನೆಲ ಬಿಟ್ಟು ಆಳೆತ್ತರ ಏರಿತ್ತು. ಗಾಳಿಗೆ ಎಡಕ್ಕೆ ವಾಲಿತು. ಬಲಕ್ಕೆ ತಿರುಗಿಸು ಎಂದು ತಲೆ ಹೇಳಿತು, ಕೈ ಎಡಕ್ಕೆ ಒತ್ತಿತು. ಬೇರೆ ಏನಾಗಿರಲು ಸಾಧ್ಯ? ರಿಮೋಟಿನ ಕಡ್ಡಿ ಒತ್ತಿದಷ್ಟೂ ಎಡಕ್ಕೇ ಮಗುಚಿಕೊಂಡು ಹೋಗಿ ಅವರೆ ಹೊಲಕ್ಕೆ ಬಿತ್ತು. ನಾನು ಬಲಕ್ಕೇ ಒತ್ತಿದ ಹಾಗೆ ನನಗೆ ಇವತ್ತಿಗೂ ನೆನಪಿದೆ, ಭಯ ಹುಟ್ಟಿಸುವುದೇ ಅದು. ನಮ್ಮಪ್ಪನಿಗೆ ಅರುಳುಮರುಳು ಶುರುವಾದದ್ದೂ ಹೀಗೇ, ಅರವತ್ತೇಳಕ್ಕೆ. ಮಾಡಿದ್ದೊಂದು, ನೆನಪಿರುವುದೊಂದು.

ನೀನು ನಾಲ್ಕು ವರ್ಷ ಕಟ್ಟಿದ್ದನ್ನು ನಾಲ್ಕು ಸೆಕೆಂಡಿನಲ್ಲಿ ಪುಡಿ ಮಾಡಿದೆ. ನೀನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಿನ್ನ ಫೋನ್ ಎತ್ತುತ್ತಿದ್ದೆನೋ ಏನೋ.

ನೆವಿಲ್

ಟೈಫೂನಿನ ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗಿಂತ ಹೊರಬರುವ ಬಾಯಿ ಎರಡು ಮೂರು ಪಟ್ಟು ದೊಡ್ಡದಿರಲಿ. ಇಲ್ಲದಿದ್ದರೆ ಕಾದು ನಿಲ್ಲುತ್ತದೆ. ನೀನು ಅಂದಕ್ಕೆ ಅಂತ ಚಿಕ್ಕದು ಕೊರೆದಿರುತ್ತೀಯ, ನನಗೆ ಗೊತ್ತು.


ಥಾರ್ಸ್‌ಬಿ
17 ಫೆಬ್ರವರಿ 2019

ಪ್ರಿಯ ನೆವಿಲ್,

ಚಿಕ್ಕದೇ ಕೊರೆದಿದ್ದೆ. ಈಗ ಹೊಟ್ಟೆಯಡಿ ದೊಡ್ಡದು ಮಾಡಿ, ಒಳಗೆ ತಗಡಿನ ತಡೆ ಕೂರಿಸಿ, ಗಾಳಿ ಸಿಲಿಂಡರನ್ನು ತಣಿಸುವ ಹಲ್ಲುಗಳ ನಡುವೆಯೇ ನುಗ್ಗುವ ಹಾಗೆ ಮಾಡಿದ್ದೇನೆ. ಮೊನ್ನೆ ಅಂಗಳದಲ್ಲಿ ಕಟ್ಟಿಹಾಕಿ ಓಡಿಸಿದೆ. ಹತ್ತು ನಿಮಿಷ ಕೆಮ್ಮಲಿಲ್ಲ. ಪಕ್ಕದ ಮನೆಯ ಮಿಸೆಸ್ ಡಾಬರ್ ಬೇಲಿಯಿಂದ ಇಣುಕಿ, "ಕ್ಲಿಫ್, ಅದು ಹಾರುತ್ತಾ, ಇಲ್ಲ ನಮ್ಮನ್ನೆಲ್ಲ ಹಾರಿಸುತ್ತಾ?" ಅಂದಳು.

ರೆಕ್ಕೆಗೆ ಗಾಜಿನ ನೂಲಿನ ಬಟ್ಟೆ ಅಂಟಿಸಿ ಉಜ್ಜಿದ್ದಾಯಿತು. ಈಗ ರಿವೆಟ್ ಮೊಳೆಯ ತಲೆಗಳನ್ನು ಮೂಡಿಸುವ ಕೆಲಸ. ಸಿರಿಂಜಿನಲ್ಲಿ ಬಿಳಿ ಗೋಂದು ತುಂಬಿ ಒಂದೊಂದೇ ಚುಕ್ಕೆ ಇಡುತ್ತಿದ್ದೇನೆ. ದಿನಕ್ಕೆ ಮುನ್ನೂರು, ಅದರ ಮೇಲೆ ಕಣ್ಣು ಕೇಳುವುದಿಲ್ಲ. ಮೊದಲಾದರೆ ನೀನು ಸ್ಟೂಲಿನ ಮೇಲೆ ಕೂತು ರೇಡಿಯೋ ಜೊತೆ ಜಗಳ ಆಡುತ್ತಿದ್ದೆ. ಈಗ ರೇಡಿಯೋ ಒಂದೇ ಮಾತಾಡುತ್ತದೆ.

ನಿನ್ನ ಕೈಯ ವಿಷಯ ಬರೆದದ್ದನ್ನು ಓದಿದೆ. ಅಷ್ಟೆಲ್ಲ ಯೋಚಿಸಬೇಡ. ಗಾಳಿ ಜೋರಿತ್ತು ಅವತ್ತು.

ಬಣ್ಣ ಯಾವುದು ಹೊಡೆಯಲಿ? ಯುದ್ಧದ ಕಾಲದಲ್ಲಿ ನಿಮ್ಮಪ್ಪ ಟೈಫೂನುಗಳಿಗೆ ಕಪ್ಪು ಬಿಳಿ ಪಟ್ಟೆ ಬಳಿದಿದ್ದರು ಎನ್ನುತ್ತಿದ್ದೆಯಲ್ಲ?

ನಿನ್ನ
ಕ್ಲಿಫ್


ಫೈಲಿ
10 ಮಾರ್ಚ್ 2019

ಕ್ಲಿಫ್,

ಬಣ್ಣದ ವಿಷಯ ಕೇಳಿ ಬಲೆಗೆ ಕೆಡವಿದೆ ನನ್ನನ್ನು.

ಮೇಲೆ ಹಸಿರು ಮತ್ತು ಬೂದಿ, ಹೊಟ್ಟೆಯಡಿ ತೆಳು ಬೂದಿ. ಹೊಳಪು ಬೇಡವೇ ಬೇಡ. ಮಿರಿಮಿರಿ ಮಿಂಚಿದರೆ ಆಟದ ಸಾಮಾನು. ಪಟ್ಟೆಗೆ ಟೇಪ್ ಅಂಟಿಸಿ ನೇರ ಗೆರೆ ಎಳೆಯಬೇಡ, ನೀನು ಬಡಗಿ, ನಿನಗದೇ ಚಟ. ನಮ್ಮಪ್ಪ ಮತ್ತು ಅವನ ಜೊತೆಯವರು ಸೇನೆ ಫ್ರಾನ್ಸಿಗೆ ಇಳಿಯುವ ಹಿಂದಿನ ದಿನ ಹುಕುಂ ಬಂದಾಗ ಗೋಡೆಗೆ ಬಳಿಯುವ ಕುಂಚ ಹಿಡಿದು ಸಿಕ್ಕ ಹಾಗೆ ಬಳಿದದ್ದು. ಅಂಚು ಅಲ್ಲಲ್ಲಿ ಅಲುಗಿರಬೇಕು. ಹೊಗೆ ಕೊಳವೆಯ ಹಿಂದೆ ಕಂದು ಕಪ್ಪು ಮಸಿ, ಹತ್ತಿರ ದಟ್ಟ, ದೂರ ಹೋದಂತೆ ತೆಳು. ಪೈಲಟ್ ಹತ್ತುವ ಜಾಗದಲ್ಲಿ ಮೊದಲು ಬೆಳ್ಳಿ ಬಣ್ಣ, ಅದರ ಮೇಲೆ ಹಸಿರು, ಒಣಗಿದ ಮೇಲೆ ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ಉಜ್ಜಿ ಒಳಗಿನ ಬೆಳ್ಳಿ ಕಾಣಿಸು. ಬೂಟು ಉಜ್ಜಿದ ಹಾಗೆ ಇರಬೇಕು, ಬೆಕ್ಕು ಪರಚಿದ ಹಾಗಲ್ಲ.

ನೋಡು, ಒಂದು ಪುಟ ಬರೆದೆ. ಇಷ್ಟು ಹೊತ್ತು ನನ್ನ ತಲೆಯ ಬಗ್ಗೆ ಯೋಚಿಸಲಿಲ್ಲ.

ಜೂಡಿತ್ ಒಳ್ಳೆಯವಳು. ಅವಳಿಗೆ ಕಾರಿನ ಕೀಲಿ ನಾನೇ ಕೊಟ್ಟೆ, ಅವಳು ಕೇಳಲಿಲ್ಲ. ವಿಮಾನಕ್ಕೆ ಬಲ ಎಡ ತಪ್ಪಿದ ಕೈ ರಸ್ತೆಯಲ್ಲಿ ತಪ್ಪುವುದಿಲ್ಲವೇ? ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ನೆನಪಿನ ಪರೀಕ್ಷೆ ಕೊಟ್ಟು ಬರುತ್ತೇನೆ. ನೂರರಿಂದ ಏಳೇಳು ಕಳೆ, ಗಡಿಯಾರ ಬರೆ, ಇವತ್ತು ಯಾವ ವಾರ. "ನಿಮಗೇನೂ ಆಗಿಲ್ಲ ಮಿಸ್ಟರ್ ಮಾಲ್ಟ್‌ಬಿ, ಆರಾಮಾಗಿರಿ" ಎನ್ನುತ್ತಾಳೆ ಆ ಡಾಕ್ಟರಮ್ಮ. ಪಾಪ, ನನ್ನ ಸಮಾಧಾನಕ್ಕೆ ಹೇಳುತ್ತಾಳೆ. ಮೊಮ್ಮಗಳು ಹುಟ್ಟಿ ಹದಿನಾಲ್ಕು ತಿಂಗಳಾಯಿತು. ಅವಳನ್ನು ಎತ್ತಿಕೊಂಡು ಒಂದು ಸಲವೂ ಮೆಟ್ಟಿಲು ಇಳಿದಿಲ್ಲ. ಕೂತಾಗ ತೊಡೆಯ ಮೇಲೆ ಕೊಡುತ್ತಾರೆ, ಇಸಿದುಕೊಳ್ಳುತ್ತಾರೆ.

ಮಿಕ್ಕ ಹೊತ್ತು ಬೆಂಚಿನ ಮೇಲೆ ಕೂತು ಸಮುದ್ರ ನೋಡುತ್ತೇನೆ. ಬೇರೆ ಮುದುಕರೂ ಬರುತ್ತಾರೆ. ಅವರಿಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ.

ನೆವಿಲ್


ಥಾರ್ಸ್‌ಬಿ
24 ಮಾರ್ಚ್ 2019

ಪ್ರಿಯ ನೆವಿಲ್,

ಹಸಿರು ಬಣ್ಣ ತಂದೆ. ಹೊಟ್ಟೆಯಡಿಯ ಬೂದಿ ಮುಗಿಯಿತು. ಬಣ್ಣ ಸಿಂಪಡಿಸುವ ಕಂಪ್ರೆಸರ್ ತೊಂದರೆ ಕೊಡುತ್ತಿದೆ, ಆದರೂ ನಡೆಯುತ್ತದೆ.

ನಿನ್ನ ಕಾಗದಕ್ಕೆ ಬೇರೆ ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದೆ. ಸ್ವಲ್ಪ ದಿನ ಕೊಡು.

ಕ್ಲಿಫ್


ಥಾರ್ಸ್‌ಬಿ
14 ಏಪ್ರಿಲ್ 2019

ನೆವಿಲ್,

ನಿನ್ನ ಕೈ ತಪ್ಪಲಿಲ್ಲ. ನೀನು ಬಲಕ್ಕೇ ಒತ್ತಿದ್ದೆ. ತಪ್ಪು ನನ್ನದು.

ಮಸ್ಕೀಟೋ ಹಾರುವ ಹಿಂದಿನ ದಿನ ಬಲ ರೆಕ್ಕೆಯ ಹಿಂದಿನ ಅಂಚಿನ ಪಟ್ಟಿಯನ್ನು ಎತ್ತಿ ಇಳಿಸುವ ಸರ್ವೋ ಮೋಟಾರು ಸದ್ದು ಮಾಡುತ್ತಿತ್ತು. ಎರಡು ರೆಕ್ಕೆಯದನ್ನೂ ಬದಲಾಯಿಸಿದೆ. ಹೊಸವು ಉಲ್ಟಾ ತಿರುಗುವ ಜಾತಿಯವು. ನಾನು ಗಮನಿಸಲಿಲ್ಲ. ಅದೇನೂ ದೊಡ್ಡ ವಿಷಯವಲ್ಲ, ಅದಕ್ಕೇ ಅಲ್ಲವೇ ಮೈದಾನದಲ್ಲಿ ಬಾಲ ಹಿಡಿದು, ಯಾವ ಪಟ್ಟಿ ಏಳುತ್ತದೆ ನೋಡಿ ಕೂಗುವವನು ಇರುವುದು.

ನೀನು ಮೂವತ್ತು ಹೆಜ್ಜೆ ಹಿಂದೆ ಹೋಗಿ ಕಡ್ಡಿ ಬಲಕ್ಕೆ ಒತ್ತಿ, "ಕೂಗು" ಅಂದೆ. ಬಲ ರೆಕ್ಕೆಯ ಪಟ್ಟಿ ಏಳಬೇಕು, ಎಡದ್ದು ಇಳಿಯಬೇಕು. ನಾನು ಬಾಲದ ಹಿಂದೆ ನಿಂತಿರಬೇಕಿತ್ತು. ಇಪ್ಪತ್ತಾರು ವರ್ಷ ಅಲ್ಲೇ ನಿಂತವನು. ಅವತ್ತು ಮೂಗಿನ ಮುಚ್ಚಳದ ಸ್ಕ್ರೂ ಸಡಿಲವಾಗಿತ್ತು, ಅದನ್ನು ಬಿಗಿ ಮಾಡುತ್ತ ಮುಂದೆಯೇ ಕೂತಿದ್ದೆ. ಎದ್ದು ಹಿಂದೆ ಬರಲು ಸೋಮಾರಿತನ. ವಿಮಾನದ ಮುಖಕ್ಕೆ ಮುಖ ಮಾಡಿ ಕೂತವನಿಗೆ ಅದರ ಎಡ ರೆಕ್ಕೆ ಬಲಗೈ ಕಡೆ ಇರುತ್ತದೆ. ಆ ಕಡೆಯ ಪಟ್ಟಿ ಮೇಲೆದ್ದದ್ದು ಕಂಡಿತು. "ಬಲ ಮೇಲೆ, ಎಡ ಕೆಳಗೆ" ಎಂದು ಕೂಗಿದೆ. ನೀನು ನಂಬಿದೆ.

ಅವತ್ತೇ ಸಂಜೆ ಶೆಡ್ಡಿನಲ್ಲಿ ಮುರಿದ ರೆಕ್ಕೆಗೆ ಬ್ಯಾಟರಿ ಕೊಟ್ಟು ನೋಡಿದೆ. ಕಡ್ಡಿ ಬಲಕ್ಕೆ ಒತ್ತಿದರೆ ಏಳುತ್ತಿದ್ದದ್ದು ಎಡ ರೆಕ್ಕೆಯ ಪಟ್ಟಿ. ಹತ್ತು ಸಲ ನೋಡಿದೆ. ಮರುದಿನ ರೆಕ್ಕೆಗಳನ್ನು ಅಂಗಳದಲ್ಲಿ ಸುಟ್ಟೆ.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಕೀತ್, "ವಯಸ್ಸು ಯಾರನ್ನ ಬಿಡುತ್ತಪ್ಪ, ನೆವಿಲ್‌ದೂ ಬೆರಳು ಮೊದಲಿನ ಹಾಗಿಲ್ಲ" ಅಂದ. ನೀನು ಟೀ ಕಲಕುತ್ತ, "ಹೌದು ಕಣೋ, ಉಲ್ಟಾ ಒತ್ತಿಬಿಟ್ಟೆ" ಅಂದೆ. ನಾನು ಪಕ್ಕದಲ್ಲಿ ಕೂತಿದ್ದೆ. ಆಗ ಬಾಯಿ ಬಿಡಬೇಕಿತ್ತು. ಮುಂದಿನ ವಾರ ಹೇಳೋಣ ಅಂದುಕೊಂಡೆ. ಮುಂದಿನ ವಾರ ನೀನು ಬರಲಿಲ್ಲ.

ನಾನು ಬೈಯಲಿಲ್ಲ ಎಂದು ಬರೆದಿದ್ದೀಯ. ಬೈಯಲು ನನಗೆ ಮುಖ ಎಲ್ಲಿತ್ತು?

ಹೇಳಿದರೆ ನೀನು ಹೋಗುತ್ತೀಯ ಎಂದು ಹೆದರಿ ಸುಮ್ಮನಿದ್ದೆ. ಹೇಳದೆಯೂ ನೀನು ಹೋದೆ. ಈಗಲೂ ಹೆದರಿಕೆ ಅದೇ. ಆದರೆ ಆ ಮಗುವಿನ ವಿಷಯ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನ ತಲೆ ಸರಿಯಾಗಿದೆ ನೆವಿಲ್. ಡಾಕ್ಟರಮ್ಮ ನಿಜವನ್ನೇ ಹೇಳುತ್ತಿದ್ದಾಳೆ. ಮಗುವನ್ನು ಎತ್ತಿಕೋ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಆ ಮಾತು ತುಂಬ ಸಣ್ಣದು.

ಕ್ಲಿಫರ್ಡ್ ಆಡ್ಲಿಂಗ್


ಥಾರ್ಸ್‌ಬಿ
26 ಮೇ 2019

ನೆವಿಲ್,

ಆರು ವಾರವಾಯಿತು. ಉತ್ತರ ಬರುತ್ತದೆಂದು ಬರೆಯುತ್ತಿಲ್ಲ. ಒಂದು ವಿಷಯ ನಿನಗೆ ಬೇರೆಯವರಿಂದ ತಿಳಿಯಬಾರದು, ಅದಕ್ಕೆ.

ಮೊನ್ನೆ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹುಲ್ಲು ಕತ್ತರಿಸುವ ಯಂತ್ರದ ರಿಪೇರಿ ಚರ್ಚೆ ಮುಗಿದು ಎಲ್ಲರೂ ಏಳುವ ಹೊತ್ತು. ಕೀತ್ ತಮಾಷೆ ಎಂದುಕೊಂಡ. "ಏನ್ ಕ್ಲಿಫ್, ಮುಂದೆ ಕೂತ್ಕೊಂಡು ಕೂಗಿದ್ಯಾ? ಹೊಸಬರೂ ಹಾಗ್ ಮಾಡಲ್ವಲ್ಲೋ" ಅಂದ. ಆಮೇಲೆ ನನ್ನ ಮುಖ ನೋಡಿ ಮತ್ತೆ ಕುರ್ಚಿಯಲ್ಲಿ ಕೂತ. ಕಾರ್ಯದರ್ಶಿ ಮ್ಯಾಂಡಿ ಬರೆಯುವುದನ್ನು ನಿಲ್ಲಿಸಿ, "ಇದನ್ನ ಬರ್ಕೊಳ್ಳಲಾ ಬೇಡ್ವಾ?" ಅಂದಳು. ಬರೆದುಕೋ ಅಂದೆ. ಬರೆದುಕೊಂಡಳು. ಮೇಲೆ ನೋಡದೆ, "ನಾಲ್ಕು ವರ್ಷ ಕ್ಲಿಫ್. ನಾನಾಗಿದ್ದರೆ ನಿಮ್ಮ ಮುಖ ನೋಡ್ತಿರಲಿಲ್ಲ" ಅಂದಳು. ಅವಳು ಹೇಳಿದ್ದು ಸರಿ.

ಈಗ ಮೈದಾನಕ್ಕೆ ಹೋದರೆ ಜನ ಮಾತಾಡಿಸುತ್ತಾರೆ, ಆದರೆ ಹವಾಮಾನದ ಬಗ್ಗೆ. ಬಾಲ ಹಿಡಿ ಎಂದು ಯಾರೂ ಕರೆಯುವುದಿಲ್ಲ.

ಟೈಫೂನ್ ಮುಗಿದಿದೆ. ಪಟ್ಟೆಗೆ ಟೇಪ್ ಹಚ್ಚಲಿಲ್ಲ. ಕೀತ್ ಎರಡು ಸಲ ಕೇಳಿದ, "ನಾನ್ ಹಾರಿಸ್ಲಾ?" ಎಂದು. ಈ ವರ್ಷ ಬೇಡ ಅಂದೆ.

ಕ್ಲಿಫ್


ಫೈಲಿ
30 ಜೂನ್ 2019

ಕ್ಲಿಫ್,

ನಿನ್ನ ಏಪ್ರಿಲಿನ ಕಾಗದ ಓದಿ ಒಲೆಗೆ ಹಾಕಿದೆ. ಆಮೇಲೆ ಜೂಡಿತ್‌ಗೆ ತೋರಿಸಬೇಕಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬಾಯಲ್ಲೇ ಹೇಳಿದೆ. ಅವಳು ಒಲೆಯ ಮುಂದೆ ನಿಂತು ಅತ್ತಳು. ನಾನು ಅಳಲಿಲ್ಲ, ನನಗೆ ಸಿಟ್ಟು.

ಮಸ್ಕೀಟೋ ಬಿದ್ದದ್ದಕ್ಕೆ ಅಲ್ಲ. ಅಂಥ ತಪ್ಪು ಯಾರು ಮಾಡಿಲ್ಲ? ಅವತ್ತೇ ಹೇಳಿದ್ದರೆ ನಿನ್ನ ತಲೆಗೊಂದು ಮೊಟಕಿ ಬಿಟ್ಟುಬಿಡುತ್ತಿದ್ದೆ. ನಾಲ್ಕು ವರ್ಷ ನಾನು ಮುದುಕನಾಗಿದ್ದೆ ಕ್ಲಿಫ್. ಆಗುವುದಕ್ಕೆ ಮೊದಲೇ ಆದೆ. ದಿನಾ ಬೆಳಗ್ಗೆ ಎದ್ದು ನನ್ನ ತಲೆಯಲ್ಲಿ ಏನೇನು ಉಳಿದಿದೆ ಎಂದು ತಡಕಾಡುತ್ತಿದ್ದೆ. ಹೆಂಡತಿಯ ಹೆಸರು, ಎಂಜಿನ್ನಿನ ಭಾಗಗಳ ಹೆಸರು. ಆ ನಾಲ್ಕು ವರ್ಷವನ್ನು ಅಂಟಿಸಿ ಕೊಡುವ ಗೋಂದು ನಿನ್ನ ಶೆಡ್ಡಿನಲ್ಲಿಲ್ಲ.

ಮೇ ತಿಂಗಳಿಂದ ಕಾರು ಓಡಿಸುತ್ತಿದ್ದೇನೆ. ಮೊದಲ ದಿನ ಅಂಗಡಿಯವರೆಗೆ ಹೋಗಿ ಬರುವಷ್ಟರಲ್ಲಿ ಅಂಗಿ ಒದ್ದೆ. ಈಗ ಪರವಾಗಿಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತೇನೆ. ಅವಳಿಗೆ ಅದೇನೂ ದೊಡ್ಡದಲ್ಲ, ನನ್ನ ಕಿವಿ ಹಿಂಡುತ್ತಾಳೆ.

ಥರ್ಮೋಕೋಲಿನದೊಂದು ಸಣ್ಣ ವಿಮಾನ ಕೊಂಡು ಸಮುದ್ರದ ದಂಡೆಯಲ್ಲಿ ಹಾರಿಸುತ್ತಿದ್ದೇನೆ. ಮೊದಲ ವಾರ ಮೂರು ಸಲ ನೀರಿಗೆ ಬಿತ್ತು. ನಾಯಿ ಸುತ್ತಾಡಿಸುವ ಹೆಂಗಸರು ನಗುತ್ತಾರೆ. ಬೆರಳು ವಾಪಸು ಬರುತ್ತಿದೆ.

ಟೈಫೂನನ್ನು ಕೀತ್‌ಗೆ ಕೊಡಬೇಡ. ಆಗಸ್ಟ್ 4, ಭಾನುವಾರ, ಹತ್ತು ಗಂಟೆಗೆ ಬರುತ್ತೇನೆ. ನಿನಗಾಗಿ ಬರುತ್ತಿಲ್ಲ. ಆ ವಿಮಾನಕ್ಕಾಗಿ, ಅದರ ಪಟ್ಟೆಗಾಗಿ ಬರುತ್ತಿದ್ದೇನೆ. ಬಾಲ ಮ್ಯಾಂಡಿ ಹಿಡಿಯಲಿ. ನೀನು ಬೇಲಿಯ ಆಚೆ ನಿಲ್ಲು. ನನ್ನ ಹತ್ತಿರ ಮಾತಾಡಬೇಡ.

ನೆವಿಲ್ ಮಾಲ್ಟ್‌ಬಿ


ಥಾರ್ಸ್‌ಬಿ
3 ಜುಲೈ 2019

ನೆವಿಲ್,

ನೀನು ಹೇಳಿದ ಹಾಗೇ ಆಗಲಿ. ಮ್ಯಾಂಡಿಗೆ ಹೇಳಿದ್ದೇನೆ. ಬೇಲಿಯ ಆಚೆ ಇರುತ್ತೇನೆ.

ಕ್ಲಿಫ್


ಥಾರ್ಸ್‌ಬಿ
5 ಆಗಸ್ಟ್ 2019

ಪ್ರಿಯ ನೆವಿಲ್,

ಮಾತಾಡಬೇಡ ಅಂದಿದ್ದೆ, ಮಾತಾಡಲಿಲ್ಲ. ಬರೆಯಬೇಡ ಅಂದಿರಲಿಲ್ಲ.

ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ. ಕಾರಿನಿಂದ ಇಳಿದವನು ನನ್ನ ಕಡೆ ನೋಡಲಿಲ್ಲ, ನೆಟ್ಟಗೆ ವಿಮಾನದ ಹತ್ತಿರ ಹೋದೆ. ಪೈಲಟ್ ಹತ್ತುವ ಜಾಗದಲ್ಲಿ ಬೆರಳಿಟ್ಟು ಒಂದು ನಿಮಿಷ ನಿಂತಿದ್ದೆ. ಚೆನ್ನಾಗಿದೆಯೋ ಇಲ್ಲವೋ ಮುಖ ನೋಡಿ ಗೊತ್ತಾಗುವಷ್ಟು ಹತ್ತಿರ ನಾನಿರಲಿಲ್ಲ.

ಮ್ಯಾಂಡಿ ಬಾಲದ ಹಿಂದೆ ನಿಂತು ಕೂಗಿದಳು. ನೀನು ಅಷ್ಟಕ್ಕೇ ಬಿಡಲಿಲ್ಲ, ರಿಮೋಟು ಹಿಡಿದುಕೊಂಡೇ ಹತ್ತಿರ ಬಂದು ನಿನ್ನ ಕಣ್ಣಿಂದ ನೋಡಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನೀನು ಹಾಗೆ ಬಂದು ನೋಡಿದವನಲ್ಲ.

ಚಕ್ರ ನೆಲ ಬಿಟ್ಟಾಗ ನಾನು ತಲೆ ತಗ್ಗಿಸಿಬಿಟ್ಟೆ. ನೋಡಲು ಆಗಲಿಲ್ಲ. ಸದ್ದು ಮಾತ್ರ ಕೇಳಿದೆ. ಸದ್ದು ಒಂದೇ ಸಮ ಇದ್ದಾಗ ತಲೆ ಎತ್ತಿದೆ. ಹೊಲದ ಮೇಲಿಂದ ಬಾಗಿ ತಿರುಗುತ್ತಿತ್ತು, ಕಪ್ಪು ಬಿಳಿ ಪಟ್ಟೆ ಬಿಸಿಲಿಗೆ ಕಂಡಿತು. ಎಂಟು ನಿಮಿಷ. ಇಳಿಸಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ಕೀತ್ ಕೂಡ ಟೋಪಿ ತೆಗೆದ.

ಆಮೇಲೆ ನೀನು ಮ್ಯಾಂಡಿಯ ಕೈಗೆ ರಿಮೋಟು ಕೊಟ್ಟು ಕಾರು ಹತ್ತಿದೆ. ನಾನು ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಟೀ ತಂದಿದ್ದೆ, ಅಭ್ಯಾಸ. ಒಬ್ಬನೇ ಕುಡಿದೆ. "ಏನಂದ ನೆವಿಲ್?" ಎಂದು ಕ್ಲಬ್ಬಿನವರು ಕೇಳಿದರು. ಏನೂ ಅನ್ನಲಿಲ್ಲ ಅಂದೆ.

ಇದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ. ವಿಮಾನ ನಿನ್ನದು. ಎಂದು ಬೇಕಾದರೂ ಬಂದು ತೆಗೆದುಕೊಂಡು ಹೋಗು. ಆ ಹೊತ್ತು ನಾನು ಮನೆಯಲ್ಲಿರಬಾರದು ಎಂದರೆ ಶೆಡ್ಡಿನ ಕೀಲಿ ಮಿಸೆಸ್ ಡಾಬರ್ ಹತ್ತಿರ ಇಡುತ್ತೇನೆ.

ನಿನ್ನ
ಕ್ಲಿಫ್


ಫೈಲಿ
12 ಆಗಸ್ಟ್ 2019

ಕ್ಲಿಫ್,

ಹತ್ತೂವರೆ ಅಡಿಯ ರೆಕ್ಕೆ ತಂದು ಇಲ್ಲಿ ಎಲ್ಲಿಡಲಿ, ಮಗುವಿನ ತೊಟ್ಟಿಲಲ್ಲೇ? ಅದು ಅಲ್ಲೇ ಇರಲಿ.

ಎಂಜಿನ್ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ. ಪೆಟ್ರೋಲು ಬಿಡುವ ಮೇಲಿನ ಸೂಜಿಯನ್ನು ಕಾಲು ಸುತ್ತು ಬಿಗಿ ಮಾಡು, ಅದಕ್ಕಿಂತ ಹೆಚ್ಚು ಬೇಡ. ಬಾಲ ಸ್ವಲ್ಪ ಭಾರ. ಮೂಗಿನಲ್ಲಿ ಇನ್ನೂರು ಗ್ರಾಂ ಸೀಸ ಇಡು. ಪಟ್ಟೆ ಸರಿಯಾಗಿದೆ. ನಮ್ಮಪ್ಪನಿಗೂ ಅಷ್ಟೇ ಸೊಟ್ಟ ಬರುತ್ತಿತ್ತು.

ಅವತ್ತು ವಿಮಾನ ಇಳಿಸುವಾಗ ಗಾಳಿ ಎಡಗಡೆಯಿಂದ ಬಂತು. ಕೈ ತಾನಾಗಿ ಸರಿ ಮಾಡಿತು. ವಾಪಸು ಬರುವ ದಾರಿಯಲ್ಲಿ ಕಾರು ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಕೂತಿದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಿದರೆ ಅರ್ಥವಾಗುವವನು ನೀನೊಬ್ಬನೇ, ಅದಕ್ಕೂ ಸಿಟ್ಟು ಬಂತು.

ಸಿಟ್ಟು ಇಳಿದಿಲ್ಲ. ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ನಿನ್ನ ಜೊತೆ ಕೂತು ಟೀ ಕುಡಿಯಲಾರೆ, ಈಗಲೇ ಆಗದು.

18ನೇ ತಾರೀಖು ಭಾನುವಾರ ಬರುತ್ತೇನೆ. ಮ್ಯಾಂಡಿಯನ್ನು ಕರೆಯಬೇಡ, ಬಾಲ ನೀನೇ ಹಿಡಿ. ನಾನು ಮೂವತ್ತು ಹೆಜ್ಜೆ ಹಿಂದೆ ಇರುತ್ತೇನೆ. ಹತ್ತಿರ ಬಂದು ನೋಡುವುದಿಲ್ಲ.

ನೆವಿಲ್